ಸಾವಿರದ ಏಳ್ನೂರಾ ಒಂದು

ಸೊಲ್ಲಾಪುರ, ಸಾಖರಪೇಠ, ಚಾದರ ಕಾರಖಾನೆಯ ಅಟ್ಟ.
ಗಾಜಿನ ಖೋಲಿ. ಚಪ್ಪಲಿ ಹೊರಗೇ ಬಿಡಬೇಕು.
ಒಳಗೆ ಕಂಪ್ಯೂಟರು, ಅದರ ತಲೆಗೊಂದು ಕುಲಾಯಿ:
ಮಾಲಕರ ಹೆಂಡತಿ ಹಳೇ ಚಾದರ ಕತ್ತರಿಸಿ ಹೊಲಿದದ್ದು,
ನವಿಲಿನ ಕುತ್ತಿಗೆ ಅರ್ಧಕ್ಕೇ ತುಂಡಾದದ್ದು.

ಶನಿವಾರ. ಪಗಾರದ ಪಟ್ಟಿ ಬಡಿಯುತ್ತಿದ್ದೆ.
ಕರಿ ಪಡದೆ, ಹಸಿರು ಅಕ್ಷರ.
ಮೊದಲು ಬಿದ್ದದ್ದು ಕೊಂಡಾ ರಾಮುಲು ಹೆಸರಿನ ಡಿ.
ಅವಸರವಿಲ್ಲದೆ ಇಳಿಯಿತು, ಯಾರೋ ಹಗ್ಗ ಬಿಟ್ಟು ಇಳಿಸಿದಂತೆ,
ತಳದ ಸಾಲಿಗೆ ಹೋಗಿ ಕೂತಿತು.
ಹಿಂದೆಯೇ ಒಂದು ಎ. ಆಮೇಲೆ ಏಳು ರೂಪಾಯಿಯ ಏಳು.
ಆಮೇಲೆ ಎಣಿಸಲಾಗಲಿಲ್ಲ.
ಮಗ್ಗದ ಬುಡದ ನೂಲಿನ ಕಸದಂತೆ
ಅರವತ್ತೆರಡು ಮಂದಿಯ ಹೆಸರು ಒಂದೇ ರಾಶಿ.

ಸೆರಗು ಒಡ್ಡಿದೆನೋ ಏನೋ ನೆನಪಿಲ್ಲ.
ಯಾರೂ ನೋಡುತ್ತಿಲ್ಲವೆಂದು
ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿದ್ದು ಮಾತ್ರ ಖರೆ.

ಎಸ್‌ಟಿಡಿ ಬೂತಿನಿಂದ ಪುಣೆಯ ಇಂಜಿನಿಯರಿಗೆ ಹಚ್ಚಿದರೆ
ಆತ ನಕ್ಕ. ಫೈಲುಗಳ ತೂಕ ನೋಡಿರಿ ಬಾಯಿ, ಅಂದ.
ತೂಕ ನನ್ನ ಹತ್ತಿರ ಇತ್ತು.
ಮಷೀನು ಬಂದ ದಿನವೇ ನೂರು ಹಾಳೆಯ ವಹಿಯಲ್ಲಿ
ಒಂದೊಂದರ ಮುಂದೆ ಒಂದೊಂದು ಅಂಕಿ ಬರೆದಿಟ್ಟಿದ್ದೆ
(ಅಪ್ಪ ಅಕ್ಕಲಕೋಟೆಯ ಅಡತಿಯಲ್ಲಿ ಹಮಾಲಿ ಲೆಕ್ಕ ಬರೆದವ,
ಬರೆಯದ ಚೀಲ ಕಳುವಾದ ಚೀಲ ಅನ್ನುತ್ತಿದ್ದ).
ಕಳೆದು ನೋಡಿದೆ. ಕಡಿಮೆಯಾದದ್ದು ಒಂದೂ ಇಲ್ಲ.
ಹೆಸರಿನ ಬಾಲಕ್ಕೆ ‘ಕಾಮ್’ ಅಂತಿದ್ದವು, ಕೆಲಸ ಮಾಡುವಂಥವು,
ಪ್ರತಿಯೊಂದೂ ಹೆಚ್ಚಾಗಿತ್ತು
ಸಾವಿರದ ಏಳ್ನೂರಾ ಒಂದು.

ಮುಯ್ಯಿ ಓದಿದ ಹಾಗೆ ಕೇಳಿಸಿತು. ಸೊನ್ನೆ ಆಗದೆಂದು ಮೇಲೊಂದು ರೂಪಾಯಿ.
ಕರೆದವರಾರು, ಲಗ್ನ ಯಾರದು?

ಇಂಜಿನಿಯರ ಹೇಳಿದ್ದು ನನಗೆ ಹತ್ತಲಿಲ್ಲ.
ಹತ್ತಿದ್ದು ಪೋಚಯ್ಯ ಮಾಮನಿಗೆ.
ನಲವತ್ತು ವರ್ಷ ಜಕಾರ್ಡಿನ ಕಾರ್ಡು ಹೊಲಿದವ,
ತೂತು ನೋಡಿ ಹೂವು ಹೇಳುವವ,
ಬಾಗಿಲಲ್ಲೇ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು:

“ಚೂಡಮ್ಮಾ, ಸರದ ಕೊನೀಗೆ ಯಾರೋ ತಮ್ಮ ಕಾರ್ಡು ಹೊಲದಾರ.
ಮೊದಲಿನ ಮೂರು ಕಿತ್ತು, ಜ್ವಾಕಿಲೆ ಎತ್ತಿಟ್ಟು, ಆ ಜಾಗಾದಾಗ
‘ಕೊನೀಗೆ ಹೋಗು’ ಅನ್ನೂ ತೂತಿನವು ಕೂಡ್ಸ್ಯಾರ.
ಮಗ್ಗಾ ಹೋಗ್ತದ. ಅವರ ಕೆಲಸಾ ಮಾಡ್ತದ.
ಕಿತ್ತ ಮೂರು ತಿರುಗಿ ಹಾಕ್ಕೊಂಡು ಮೊದಲಿಂದ ನೇಯ್ತದ.
ಹೂವು ಅದೇ ಹೂವು. ಯಾರಿಗೆ ತಿಳೀತದ?”

ಅವರ ಕೆಲಸ ಅಂದರೇನು ಮಾಮಾ?

“ಬಾಜೂ ಮಗ್ಗಕ್ಕ ಅಂಥವೇ ಕಾರ್ಡು ಹೊಲಿಯೂದು.”

ಸ್ವಲ್ಪ ಹೊತ್ತು ಪಡದೆ ನೋಡಿದ. ಬೈಯಲಿಲ್ಲ.
“ಹೊಲಗಿ ಭಾಳ ಸ್ವಚ್ಛ ಅದ,” ಅಂದ.
“ಕೂಲಿ ಎಷ್ಟಂತ ಅವಗ?”

ಆ ಶನಿವಾರದ ಪಗಾರ ಹಳೇ ಕೆಂಪು ವಹಿಯಿಂದ ಆಯಿತು, ರಾತ್ರಿ ಒಂಬತ್ತಕ್ಕೆ.
ಮಾಲಕರ ಅಳಿಯ ತಂದ ಕಾರು ಓಡಿಸುವ ಆಟದ ಫ್ಲಾಪಿ
ಒಲೆಗೆ ಹೋಯಿತು. ವಾಸನೆ ಮೂರು ದಿನ.
ಇಂಜಿನಿಯರ ಪ್ಯಾಸೆಂಜರ ಗಾಡಿಗೆ ಬಂದ, ಎಲ್ಲ ತೊಳೆದ,
ಎರಡು ಸಲ ಚಹಾ ಕುಡಿದ.
ಫ್ಲಾಪಿಯ ಅಂಚಿನ ಕಚ್ಚು ಮುಚ್ಚಿದರೆ ಯಾರೂ ಒಳಗೆ ಬರೆಯಲಾರರು ಅಂದ.
ಮುಚ್ಚುವ ಪಟ್ಟಿ ತರಲು ಮರೆತಿದ್ದ.
ಹಣೆಯ ಟಿಕಳಿ ತೆಗೆದು ಅಂಟಿಸಿದೆ, ದೊಡ್ಡದು, ಕುಂಕುಮ ಬಣ್ಣದ್ದು.
ಹಿಡಿಯಿತು.

ಒಂದು ಮಾತು ಆತನಿಗೂ ಹೇಳಲಿಲ್ಲ.
ಹಿಂದಿನ ವಾರ ನಮ್ಮ ಪ್ರಿಂಟರಿನ ರಿಬ್ಬನ್ನು ಒಣಗಿತ್ತು.
ಊಟದ ಡಬ್ಬಿಯ ಚೀಲದಲ್ಲಿ, ಸಕಾಳಿನ ಪೇಪರಿನಲ್ಲಿ ಸುತ್ತಿ,
ಅಶೋಕ ಚೌಕದ ನೂಲಿನ ಅಂಗಡಿಗೆ ಒಂದು ಫ್ಲಾಪಿ ಒಯ್ದಿದ್ದೆ.
ಅವರ ಮಷೀನಿಗೆ ನಾನೇ ಹಾಕಿದ್ದೆ, ಈ ಕೈಯಿಂದ.
ಖರ್ಚಿಗೆಂದು ಕೊಟ್ಟರೆ ಬೇಡವೆಂದರು, ಬಜಿ ತರಿಸಿದರು.

ಈಗ ಆ ದಾರಿ ಬಿಟ್ಟು ಸುತ್ತುಹಾಕಿ ಬರುತ್ತೇನೆ.
ನಿನ್ನೆ ಅವರ ಹುಡುಗ ಸೈಕಲ್ಲು ನಿಲ್ಲಿಸಿ ಕೇಳಿದ:
ಅಕ್ಕಾ, ನಿಮ್ಮಲ್ಲಿ ಯಾವಾಗರ ಅಕ್ಷರ ಉದುರ್ಯಾವೇನು?